ಗಾಜಿನವನ ಮನೆಯಲ್ಲಿ ಸೋರುವ ತೊಟ್ಟಿ

ನನ್ನ ತಮ್ಮನಿಗೆ ಹೊಟ್ಟೆಕಿಚ್ಚು ಹುಟ್ಟಿನಿಂದಲೇ ಬಂದದ್ದು. ಅವನನ್ನು ಎತ್ತಿ ಆಡಿಸಿದವಳು ನಾನು, ಹಾಗಾಗಿ ಇದನ್ನು ಹೇಳುವ ಹಕ್ಕು ನನಗಿದೆ. ಪಕ್ಕದ ಮನೆಯ ಮಗುವನ್ನು ನಾನು ಸೊಂಟಕ್ಕೇರಿಸಿಕೊಂಡರೆ ಸಾಕು, ಇವನು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. ಶಾಲೆಯಲ್ಲಿ ಇವನ ಗೆಳೆಯ ಬೇರೆಯವನ ಪಕ್ಕ ಕೂತರೆ ಅವತ್ತು ಮನೆಯಲ್ಲಿ ಊಟ ಬೇಡ. ದೊಡ್ಡವನಾದ ಮೇಲೆ ಹೊರಳಾಡುವುದು ನಿಂತಿತು, ಮುಖ ಊದಿಸಿಕೊಳ್ಳುವುದು ನಿಲ್ಲಲಿಲ್ಲ.

ನಮ್ಮದು ಗಾಜಿನ ಅಂಗಡಿ. ಕಿಟಕಿ, ಕನ್ನಡಿ, ಸ್ನಾನದ ಮನೆಯ ಗಾಜಿನ ಬಾಗಿಲು, ಫೋಟೊಗೆ ಕಟ್ಟು. ಅವನು ಅಳೆಯುತ್ತಾನೆ, ಕತ್ತರಿಸುತ್ತಾನೆ, ಕೂರಿಸುತ್ತಾನೆ. ನಾನು ಗಲ್ಲಾದ ಹಿಂದೆ ಕೂತು ಗಿರಾಕಿಗಳ ಜೊತೆ ಜಗಳವಾಡುತ್ತೇನೆ. ಬೀದಿಯಲ್ಲಿ ಅವನನ್ನು ಅಂಗುಲದಣ್ಣ ಎನ್ನುತ್ತಾರೆ. ಮನುಷ್ಯರನ್ನು ನೋಡಿದರೂ ಅವನ ಕಣ್ಣು ಮೊದಲು ಅಗಲ ನೋಡುತ್ತದೆ, ಆಮೇಲೆ ಎತ್ತರ. ಅವನು ಕೂರಿಸಿದ ಗಾಜಿನ ಅಂಚಿನಿಂದ ಒಂದು ಹನಿ ನೀರು ಒಳಗೆ ಬಂತೆಂದು ಇವತ್ತಿನವರೆಗೆ ಯಾರೂ ದೂರು ತಂದಿಲ್ಲ. ಅದೊಂದು ಜಂಬ ಅವನಿಗೆ. ಎದುರುಸಾಲಿನಲ್ಲಿ ಇನ್ನೊಂದು ಗಾಜಿನ ಅಂಗಡಿಯಿದೆ. ಅದರ ಮುಂದೆ ಹಾದುಹೋಗುವಾಗ ಇವನು ಆಕಾಶ ನೋಡಿಕೊಂಡು ನಡೆಯುತ್ತಾನೆ. ಹಾಗೆ ನಡೆದು ಚರಂಡಿಗೆ ಕಾಲಿಟ್ಟದ್ದೂ ಉಂಟು, ಆದರೂ ಬುದ್ಧಿ ಬಂದಿಲ್ಲ.

ಒಂದು ಕನ್ನಡಕದ ಅಂಗಡಿಗೆ ಗಾಜಿನ ಬಾಗಿಲು ಕೂರಿಸಲು ಹೋದವನು ಅಳತೆ ತಪ್ಪಿತೆಂದು ಮತ್ತೆ ಹೋದ, ಮತ್ತೂ ಹೋದ. ಅಂಗುಲದಣ್ಣನಿಗೆ ಅಳತೆ ತಪ್ಪಿತು ಎಂದಾಗಲೇ ನನ್ನ ಮೂಗಿಗೆ ವಾಸನೆ ಬಡಿಯಿತು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನೇ ಮದುವೆಯಾಗಿ ಕರೆತಂದ. ಬೆಳಿಗ್ಗೆ ಎದ್ದೊಡನೆ "ಅಕ್ಕಾ, ಟೀ" ಎನ್ನುತ್ತಿದ್ದವನು ಅವಳ ಹೆಸರು ಹಿಡಿದು ಕೂಗತೊಡಗಿದ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಒಂದೇ ರಕ್ತವಲ್ಲವೇ? ಆದರೆ ಹುಡುಗಿ ಒಳ್ಳೆಯವಳು, "ಅತ್ತಿಗೆ, ಅತ್ತಿಗೆ" ಎಂದು ಹಿಂದೆ ಮುಂದೆ ಓಡಾಡಿದಳು, ನನ್ನ ಉರಿ ಬೇಗ ಆರಿತು.

ಆರದೆ ಉಳಿದದ್ದು ನನ್ನ ತಮ್ಮನ ಉರಿ. ಅದಕ್ಕೆ ಕಾರಣ ಒಬ್ಬ ಹೆಂಗಸು, ಮತ್ತೆ ಒಂದು ಗಾಜಿನ ತೊಟ್ಟಿ.

ಮದುವೆಗೆ ಮುಂಚೆ ಈ ಹುಡುಗಿ ಅದೇ ಕನ್ನಡಕದ ಅಂಗಡಿಯ ಇನ್ನೊಬ್ಬಳ ಜೊತೆ ಒಂದೇ ಬಾಡಿಗೆ ರೂಮಿನಲ್ಲಿದ್ದಳು. ಇಬ್ಬರೂ ಒಂದೇ ಜೀವ. ಆ ಗೆಳತಿಯ ಹತ್ತಿರ ಸಣ್ಣ ತೊಟ್ಟಿಯೊಂದಿತ್ತು, ಒಳಗೆ ಸಮುದ್ರದ ಹಾಗೆ ಉಪ್ಪುನೀರು, ನಾಲ್ಕು ಕಲ್ಲು, ಕೆಲವು ಬಸವನಹುಳು, ಕೆಂಪು ಪಟ್ಟೆಯ ಒಂದು ಸಿಗಡಿ, ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಒಂದು ಮೀನು. ಮೀನನ್ನು ಅವರು ಕಿತ್ತಳೆ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಆ ಗೆಳತಿಗೆ ದೂರದ ಶಾಖೆಗೆ ವರ್ಗವಾಯಿತು. ಅಲ್ಲಿ ಸಿಕ್ಕಿದ್ದು ಹಾಸ್ಟೆಲು, ತೊಟ್ಟಿ ಇಡಲು ಬಿಡಲಿಲ್ಲ. "ಮನೆ ಸಿಗೋವರೆಗೆ ನೋಡ್ಕೊಳ್ಳೇ" ಎಂದು ನಮ್ಮ ಮನೆಯ ಹಾಲ್‌ನಲ್ಲಿ ಇಟ್ಟುಹೋದಳು.

ತೊಟ್ಟಿ ಬಂದ ದಿನದಿಂದ ಪ್ರತಿ ಸಂಜೆ ಫೋನು. ಹುಡುಗಿ ಕೆಲಸದಿಂದ ಬಂದು ಕೈಕಾಲು ತೊಳೆದು, ಫೋನನ್ನು ತೊಟ್ಟಿಗೆ ಒರಗಿಸಿಟ್ಟು ಕೂರುತ್ತಾಳೆ. ಆ ಕಡೆಯಿಂದ ಗೆಳತಿಯ ಮುಖ, ಈ ಕಡೆಯಿಂದ ಕಿತ್ತಳೆಯ ಮುಖ. "ನೋಡೇ, ಕಲ್ಲಿನ ಹಿಂದೆ ಬಚ್ಚಿಟ್ಕೊಂಡಿದೆ!" "ಲೇ, ನಮ್ಮ ಮ್ಯಾನೇಜರ್ ಹಾಗೇ ಅಲ್ವೇನೇ!" ಆಮೇಲೆ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಗು. ನನ್ನ ತಮ್ಮನ ಜೊತೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಅದೇ ಅವನ ಸಂಕಟ. ಮೂಲೆಯ ಕುರ್ಚಿಯಲ್ಲಿ ಕೂತು, ಗಾಜಿನ ಅಂಚಿಗೆ ಅಂಟು ಒತ್ತುವ ಸಿಲಿಕೋನ್ ಗನ್ನಿಗೆ ಎಣ್ಣೆ ಹಾಕುತ್ತಿದ್ದ. ಯಾವ ಗನ್ನಿಗೂ ಅಷ್ಟು ಎಣ್ಣೆ ಬೇಕಾಗುವುದಿಲ್ಲ.

"ಅವಳ ಗೆಳತಿ ಗಂಡಸಾಗಿದ್ರೆ ಹೋಗಿ ಎರಡು ಮಾತು ಕೇಳಿ ಬರ್ತಿದ್ದೆ ಅಕ್ಕ. ಇದನ್ನ ಯಾರ ಹತ್ರ ಹೇಳೋದು?" ಎಂದು ಅಂಗಡಿಯಲ್ಲಿ ನನ್ನ ಮುಂದೆ ತೋಡಿಕೊಳ್ಳುತ್ತಿದ್ದ.

"ಹೆಂಡತಿ ಹತ್ರ ಹೇಳು."

"ನಗ್ತಾಳೆ."

"ನಗಲಿ ಅಂತಲೇ ತಾನೇ ನೀನು ಸಾಯ್ತಿರೋದು?" ಎಂದು ನಾನು ಕಾಲೆಳೆದೆ. ಅವನು ಮೂಗು ಮುರಿದು ಗಾಜು ಕತ್ತರಿಸಲು ಹೋದ. ಆ ಗೆಳತಿಗೆ ಅವನು ಸಮುದ್ರದವಳು ಎಂದು ಹೆಸರಿಟ್ಟಿದ್ದ. ಮನೆಯಲ್ಲಿ ಆ ಹೆಸರು ಬಾಯಿ ತಪ್ಪಿ ಬರದ ಹಾಗೆ ನಾವಿಬ್ಬರೂ ಎಚ್ಚರವಹಿಸುತ್ತಿದ್ದೆವು.

ಒಂದು ಬೆಳಿಗ್ಗೆ ಹುಡುಗಿ ಸ್ನಾನಕ್ಕೆ ಹೋದಾಗ ಇವನು ಒದ್ದೆ ಬಟ್ಟೆ ಹಿಡಿದು ತೊಟ್ಟಿಯ ಹಿಂದೆ ಬಗ್ಗಿರುವುದು ಕಂಡಿತು. ಕೆಳಗಿನ ಮೂಲೆಯಲ್ಲಿ, ಎರಡು ಗಾಜು ಕೂಡುವ ಕಡೆ, ಬಿಳಿ ಪುಡಿ ಗೆರೆಯಾಗಿ ಕೂತಿತ್ತು. ಅದನ್ನು ಒರೆಸುತ್ತಿದ್ದ.

"ಏನೋ ಅದು?"

"ಧೂಳು."

"ಇಷ್ಟು ಬೆಳ್ಳಗಿರೋ ಧೂಳಾ?"

"ಸುಮ್ನಿರಕ್ಕ, ಅಂಗಡಿ ಬೀಗದಕೈ ತಗೊಂಡು ಹೊರಡು."

ದಾರಿಯಲ್ಲಿ ಬಾಯಿ ಬಿಡಿಸಿದೆ. ತೊಟ್ಟಿ ಸೋರುತ್ತಿತ್ತು. ಧಾರೆಯಾಗಿ ಅಲ್ಲ, ಹನಿಯಾಗಿಯೂ ಅಲ್ಲ, ಗಾಜು ಬೆವರಿದ ಹಾಗೆ. ಬೆವರು ಅಲ್ಲೇ ಒಣಗುತ್ತಿತ್ತು, ಉಪ್ಪು ಉಳಿಯುತ್ತಿತ್ತು. ಗಾಜಿನವನ ಕಣ್ಣಿಗೆ ಅದು ಮೊದಲ ದಿನವೇ ಬಿದ್ದಿದೆ. ಕಂಡವನು ಹೇಳುವುದು ಬಿಟ್ಟು ಒರೆಸುತ್ತ ಬಂದಿದ್ದಾನೆ.

"ಸೋರಿ ಖಾಲಿಯಾಗ್ಲಿ. ಆಗ ಅವಳೇ ವಾಪಸ್ ಕಳಿಸ್ತಾಳೆ" ಎಂದ.

"ಒಳಗಿರೋ ಜೀವಗಳು ಏನು ಪಾಪ ಮಾಡಿವೆಯೋ?"

ಅವನ ಕಿವಿ ಕೆಂಪಾಯಿತು, ಅದು ನಾಚಿಕೆಯಾದಾಗ ಮಾತ್ರ ಆಗುವುದು.

ಇತ್ತ ಹುಡುಗಿಗೆ ನೀರು ಇಳಿಯುತ್ತಿರುವುದು ಗೊತ್ತಿತ್ತು, ಆದರೆ ಗಾಳಿಗೆ ಆರುತ್ತಿದೆ ಎಂದುಕೊಂಡಿದ್ದಳು. ಗಾಜಿನ ಮೇಲೆ ಟೇಪು ಅಂಟಿಸಿ ಗುರುತು ಮಾಡಿಕೊಂಡು, ಪ್ರತಿ ಬೆಳಿಗ್ಗೆ ಗುರುತಿನವರೆಗೆ ಸಿಹಿನೀರು ಸುರಿಯುತ್ತಿದ್ದಳು. ಆರಿದ ನೀರಿಗೆ ಅದು ಸರಿಯಾದ ಮದ್ದೇ. ನೀರು ಆರಿದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದಲ್ಲ, ಸಿಹಿನೀರು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಸೋರುವ ನೀರು ಹಾಗಲ್ಲ, ಉಪ್ಪನ್ನೂ ಹೊತ್ತುಕೊಂಡೇ ಹೋಗುತ್ತದೆ. ಹೀಗೆ ಅವಳು ಸುರಿದಷ್ಟೂ ಒಳಗಿನ ಸಮುದ್ರ ಸಪ್ಪಗಾಗುತ್ತ ಬಂತು.

ಒಂದು ಸಂಜೆ ನಗು ಕೇಳಿಸಲಿಲ್ಲ. "ಕಿತ್ತಳೆ ತಿಂತಿಲ್ಲ ಕಣೇ. ಬಣ್ಣಾನೂ ಸಪ್ಪೆಯಾಗಿದೆ" ಎಂದು ಹುಡುಗಿ ಫೋನಿಗೆ ಹೇಳುತ್ತಿದ್ದಳು.

"ಉಪ್ಪು ಅಳೆದು ನೋಡು."

ಅಳೆದಳು. ಇರಬೇಕಾದದ್ದಕ್ಕಿಂತ ಎಷ್ಟೋ ಕಡಿಮೆಯಿತ್ತು.

"ಹಾಗಾದ್ರೆ ಆರ್ತಿಲ್ಲ ಕಣೇ, ಸೋರ್ತಿದೆ. ಮೀನಿನ ಅಂಗಡಿಯವನಿದಾನಲ್ಲ, ಅವನನ್ನ ಕರೆಸಿ ರಿಪೇರಿ ಮಾಡ್ಸು."

ಕುರ್ಚಿ ಕಿರ್ರೆಂದಿತು. ನನ್ನ ತಮ್ಮ ಎದ್ದು ನಿಂತಿದ್ದ. "ಗಾಜಿನವನ ಮನೆಗೆ ಗಾಜು ರಿಪೇರಿಗೆ ಬೇರೆಯವನು ಬರಬೇಕಾ?"

"ಅಯ್ಯೋ, ನೀವಿದೀರಲ್ಲ! ಮರೆತೇಬಿಟ್ಟಿದ್ದೆ" ಎಂದಳು ಫೋನಿನೊಳಗಿನವಳು.

ಮರೆತೇಬಿಟ್ಟಿದ್ದೆ. ಆ ಒಂದು ಮಾತು ಅವನ ಎದೆಗೆ ನೆಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅವಳು ಅಷ್ಟಕ್ಕೇ ಬಿಡಲಿಲ್ಲ. "ಒಂದು ಮಾತು. ನಿಮ್ಮ ಅಂಗಡಿ ಟ್ಯೂಬ್ ಹಾಕ್ಬೇಡಿ. ಮೀನಿನ ತೊಟ್ಟಿಗೆ ಅಂತಲೇ ಬೇರೆ ಸಿಲಿಕೋನ್ ಬರುತ್ತೆ, ಅದನ್ನೇ ತನ್ನಿ."

ಫೋನ್ ಇಟ್ಟ ಮೇಲೆ ಹುಡುಗಿ ಇವನ ತೋಳು ಹಿಡಿದಳು. "ರೀ, ಇದಕ್ಕೇನಾದ್ರೂ ಆದ್ರೆ ನಾನು ಅವಳಿಗೆ ಮುಖ ತೋರಿಸೋ ಹಾಗಿಲ್ಲ. ನಿಮ್ಮ ಕೈಲಿ ಕೊಟ್ಟಿದೀನಿ."

ಅಷ್ಟು ಸಾಕಾಯಿತು. ಖಾಲಿಯಾಗಲಿ ಎಂದು ಹಾರೈಸಿದ್ದವನೇ ರಜೆಯ ದಿನ ಬೆಳಗಾಗುವುದನ್ನೇ ಕಾಯುತ್ತಿದ್ದು ತೋಳು ಮಡಿಸಿ ನಿಂತ. ಕಲ್ಲು, ಹುಳು, ಸಿಗಡಿ, ಕಿತ್ತಳೆ ಎಲ್ಲವನ್ನೂ ಅದೇ ನೀರಿನ ಜೊತೆ ದೊಡ್ಡ ಟಬ್ಬಿಗೆ ಇಳಿಸಿದರು. ಗುಳ್ಳೆ ಬಿಡುವ ಯಂತ್ರ, ನೀರು ಬೆಚ್ಚಗಿಡುವ ಕಡ್ಡಿ, ಎರಡೂ ಟಬ್ಬಿಗೆ ಹೋದವು. ನೀರಿನ ಉಪ್ಪನ್ನು ಹುಡುಗಿ ದಿನಾ ಸ್ವಲ್ಪ ಸ್ವಲ್ಪವೇ ಏರಿಸಿದಳು. ಇವನು ಖಾಲಿ ತೊಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ, ಒಳ ಅಂಚಿನ ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಕೆರೆದು ತೆಗೆದ. ಸೋರುವ ಮೂಲೆಯದ್ದು ಮಾತ್ರವಲ್ಲ, ಪೂರ್ತಿ. ಹಳೆಯದರ ಮೇಲೆ ಹೊಸದು ಕಚ್ಚುವುದಿಲ್ಲ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ಪಿರಿಟ್ ಹಾಕಿ ಒರೆಸಿದ, ಅಂಚಿನ ಎರಡೂ ಬದಿ ಕಾಗದದ ಟೇಪು ಹಚ್ಚಿದ.

ಆಮೇಲೆ ಚೀಲದಿಂದ ಟ್ಯೂಬ್ ತೆಗೆದ. ನಾನು ನೋಡಿದೆ. ನಮ್ಮ ಅಂಗಡಿಯ ಮೇಲಿನ ಕಪಾಟಿನದು, ಸ್ನಾನದ ಮನೆಗೆ ಹಾಕುವುದು, ಎಲ್ಲಕ್ಕಿಂತ ದುಬಾರಿ.

"ಅವಳು ಬೇರೆ ಅಂದ್ಲಲ್ಲೋ" ಎಂದು ಪಿಸುಗುಟ್ಟಿದೆ.

"ಕನ್ನಡಕ ಮಾರೋಳು ನನಗೆ ಸಿಲಿಕೋನ್ ಪಾಠ ಹೇಳ್ತಾಳಾ? ನಮ್ಮ ಅಂಗಡೀಲಿ ಇದಕ್ಕಿಂತ ಒಳ್ಳೇದಿಲ್ಲ ಅಕ್ಕ. ಎಲ್ಲಾ ಗಿರಾಕಿಗಳಿಗೂ ತೋರಿಸಲ್ಲ ಇದನ್ನ."

ನಾನು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನ್ನ ತಮ್ಮ ಗೆಲ್ಲಲಿ ಎಂದು ನನಗೂ ಇತ್ತು. ಅವನು ಗನ್ ಒತ್ತಿದ, ಬೆರಳು ಒದ್ದೆ ಮಾಡಿ ಅಂಚಿನುದ್ದಕ್ಕೂ ಒಂದೇ ಎಳೆತದಲ್ಲಿ ಎಳೆದ. ಟೇಪು ಕಿತ್ತಾಗ ನೂಲು ಹಿಡಿದ ಹಾಗೆ ನೇರ ಗೆರೆ. ಮನೆಯೆಲ್ಲ ಹುಳಿ ವಾಸನೆ ಹಬ್ಬಿತು. ವಾರವಿಡೀ ಒಣಗಲು ಬಿಟ್ಟು, ಕೆಳಗೆ ಕಾಗದ ಹಾಸಿ ಸಿಹಿನೀರು ತುಂಬಿ ನೋಡಿದ. ಕಾಗದ ಗರಿಗರಿಯಾಗಿಯೇ ಇತ್ತು. "ನೋಡಿದ್ಯಾ?" ಎಂದು ಹೆಂಡತಿಯನ್ನು ಕೇಳಿದ. ಹುಡುಗಿ ಅವನ ಬೆನ್ನು ತಟ್ಟಿದಳು. ಅವತ್ತು ಎದುರುಸಾಲಿನ ಅಂಗಡಿಯ ಮುಂದೆ ಇವನು ಆಕಾಶ ನೋಡದೆ ನೆಟ್ಟಗೆ ಅವರತ್ತಲೇ ನೋಡಿಕೊಂಡು ನಡೆದ.

ಮಾರನೆಯ ದಿನ ಹುಡುಗಿ ರಜೆ ಹಾಕಿ, ಹೊಸ ಉಪ್ಪುನೀರು ಬೆರೆಸಿ, ಎಲ್ಲವನ್ನೂ ತೊಟ್ಟಿಗೆ ಸೇರಿಸಿದಳು. ನಾನು ಅಂಗಡಿಗೆ ಹೊರಡುವಾಗ, "ಅತ್ತಿಗೆ, ಟಬ್ಬಿನ ಹಳೇ ನೀರು ಚೆಲ್ಲಿಬಿಡ್ತೀರಾ?" ಎಂದಳು. ಸಂಜೆ ಚೆಲ್ಲಿದರಾಯಿತು ಎಂದು ನಾನು ಹಾಗೇ ಬಂದೆ. ಬಗ್ಗಿ ಭಾರ ಎತ್ತುವ ಕೆಲಸವೆಂದರೆ ನನಗೆ ಮೊದಲಿನಿಂದಲೂ ಆಗದು.

ಮಧ್ಯಾಹ್ನ ಅಂಗಡಿಗೆ ಗಿರಾಕಿಯೊಬ್ಬರು ಬಂದರು, ಸ್ನಾನದ ಮನೆಗೆ ಗಾಜಿನ ಬಾಗಿಲು ಬೇಕಿತ್ತು. ಮಾದರಿ ಬಾಗಿಲನ್ನು ಅಳೆದು ತೋರಿಸಲು ಟೇಪಿನ ಒಂದು ತುದಿ ಅವರ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಇವನು ತನ್ನ ಹಳೇ ರಾಗ ಶುರುಮಾಡಿದ. ಅದು ನನಗೆ ಬಾಯಿಪಾಠ.

"ಅಂಚಿಗೆ ನಮ್ಮದೇ ಸ್ಪೆಷಲ್ ಟ್ಯೂಬ್ ಹಾಕ್ತೀವಿ ಸಾರ್. ಇದ್ರಲ್ಲಿ ಔಷಧಿ ಸೇರಿಸಿರ್ತಾರೆ. ಬೂಷ್ಟು ಹಿಡಿಯಲ್ಲ, ಪಾಚಿ ಕಟ್ಟಲ್ಲ. ವರ್ಷಗಟ್ಟಲೆ ನೀರಲ್ಲಿದ್ರೂ ಯಾವ ಜೀವಾನೂ ಇದರ ಹತ್ರ…"

ರಾಗ ಅಲ್ಲಿಗೇ ನಿಂತಿತು. ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಟೇಪು ಕೈಬಿಟ್ಟ, ಅದು ಸರ್ರನೆ ಸುತ್ತಿಕೊಂಡು ಗಿರಾಕಿಯ ಬೆರಳಿಗೆ ಬಡಿಯಿತು. ಇವನು ಆಗಲೇ ಬೀದಿಯಲ್ಲಿ ಓಡುತ್ತಿದ್ದ. ನಾನು ಗಿರಾಕಿಯನ್ನೇ ಗಲ್ಲಾದ ಹತ್ತಿರ ಕೂರಿಸಿ ಹಿಂದೆಯೇ ಓಡಿದೆ.

ಮನೆಗೆ ಹೋಗುವಷ್ಟರಲ್ಲಿ ಸಿಗಡಿ ಬೆನ್ನು ಕೆಳಗೆ ಮಾಡಿ ಸತ್ತು ಬಿದ್ದಿತ್ತು. ಕಿತ್ತಳೆ ನೀರಿನ ಮೇಲ್ಗಡೆಗೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಹುಡುಗಿ ಫೋನ್ ಹಿಡಿದು, ಏನು ಮಾಡಬೇಕೆಂದು ತೋಚದೆ ನಿಂತಿದ್ದಳು. ಇವನು ಅಂಗಿಯ ತೋಳನ್ನೂ ಮಡಿಸದೆ ಕೈಯಿಳಿಸಿ, ಕಿತ್ತಳೆಯನ್ನು ಬೊಗಸೆಯಲ್ಲಿ ಎತ್ತಿ, ಹಳೇ ನೀರಿದ್ದ ಟಬ್ಬಿಗೆ ಬಿಟ್ಟ. ಹುಳುಗಳನ್ನೂ ಆರಿಸಿ ಹಾಕಿದ. ನನ್ನ ಸೋಮಾರಿತನ ಒಂದು ಜೀವ ಉಳಿಸಿದ್ದು ಅದೊಂದೇ ಸಲ.

"ತಪ್ಪು ನಂದು. ಅಂಗಡಿ ಟ್ಯೂಬೇ ಹಾಕಿದ್ದೆ. ಅದ್ರಲ್ಲಿ ವಿಷ ಇದೆ" ಎಂದ ಟಬ್ಬಿನ ಪಕ್ಕ ಕುಕ್ಕರಿಸಿಕೊಂಡು.

"ಬೇಡ ಅಂತ ಅವಳು ಹೇಳಿದ್ಲಲ್ಲ ರೀ."

"ಅವಳು ಹೇಳಿದ್ಲು ಅಂತಲೇ ಹಾಕಿದ್ದು."

ಹುಡುಗಿಗೆ ಅರ್ಥವಾಗಲಿಲ್ಲ. ಅವನು ತಲೆ ಎತ್ತದೆ ಹೇಳಿದ. "ನಂಗೆ ಅವಳನ್ನ ಕಂಡ್ರೆ ಹೊಟ್ಟೆಕಿಚ್ಚು ಕಣೇ. ನೀನು ಅವಳ ಜೊತೆ ನಗ್ತೀಯಲ್ಲ, ಹಾಗೆ ನನ್ನ ಜೊತೆ ಒಂದಿನಾನೂ ನಕ್ಕಿಲ್ಲ. ಸೋರ್ತಿರೋದು ನಂಗೆ ಮೊದ್ಲೇ ಗೊತ್ತಿತ್ತು. ಒರೆಸಿ ಮುಚ್ಚಿಟ್ಟೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಫೋನನ್ನು ಅವನ ಮುಂದೆ ಚಾಚಿದಳು. "ಅವಳಿಗೆ ನೀವೇ ಹೇಳಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಮತ್ತೆ ಹೇಗೆ ತೆರೆಯುವುದೋ, ತೆರೆದವಳು ಇವನನ್ನು ಹೇಗೆ ನೋಡುವಳೋ.

ಅವನು ಸಮುದ್ರದವಳಿಗೆ ಫೋನ್ ಮಾಡಿದ. ಬಚ್ಚಿಡದೆ ಎಲ್ಲ ಹೇಳಿದ.

"ಕಿತ್ತಳೆ ಬದುಕಿದೆಯಾ?"

"ಉಸಿರಾಡ್ತಿದೆ ಮೇಡಂ."

"ಟಬ್ಬಲ್ಲೇ ಇರಲಿ. ಗುಳ್ಳೆ ಜೋರಾಗಿ ಬಿಡಿ. ಈಗಿನ ಸಿಲಿಕೋನ್ ಪೂರ್ತಿ ಕೆರೆದು, ತೊಳೆದು ತೊಳೆದು, ಸರಿಯಾದ ಟ್ಯೂಬ್ ಹಾಕಿ." ಆಮೇಲೆ ಅವಳ ದನಿ ಬದಲಾಯಿತು. "ನಿಮ್ಮ ಮೇಲೆ ಕೆಂಡದಂಥ ಕೋಪ ಬರ್ತಿದೆ ನನಗೆ. ಆದ್ರೆ ನಾನೂ ಸಾಚಾ ಅಲ್ಲ. ಅವಳನ್ನ ಆ ರೂಮಿಂದ ನೀವು ಕರ್ಕೊಂಡು ಹೋದ್ರಲ್ಲ, ಒಬ್ಬಳೇ ಕೂತು ನಿಮಗೆ ಹಿಡಿ ಶಾಪ ಹಾಕಿದೀನಿ. ಹಾಸ್ಟೆಲಲ್ಲಿ ತೊಟ್ಟಿ ಬೇಡ ಅಂದಿದ್ದು ನಿಜ. ಯಾರಿಗಾದ್ರೂ ಕೊಡಬಹುದಿತ್ತು. ನಿಮ್ಮ ಹಾಲ್ ಮಧ್ಯದಲ್ಲೇ ಇರಲಿ, ದಿನಾ ನಿಮ್ಮ ಕಣ್ಣಿಗೆ ಚುಚ್ಚಲಿ ಅಂತಲೇ ಅಲ್ಲಿಟ್ಟೆ."

ಫೋನ್ ಇಟ್ಟ ನನ್ನ ತಮ್ಮನ ಮುಖದಲ್ಲಿ ಕಳೆದುಹೋದ ಒಡಹುಟ್ಟಿದವರು ಸಿಕ್ಕಿದಂಥ ಬೆರಗಿತ್ತು. "ಅಕ್ಕಾ, ಅವಳೂ ನಮ್ಮ ಥರಾನೇ!" ಎಂದ.

ಸರಿಯಾದ ಟ್ಯೂಬಿಗಾಗಿ ಮೀನಿನ ಅಂಗಡಿಗೆ ಅವನೇ ಹೋದ. "ಏನ್ ಅಂಗುಲದಣ್ಣ, ನಿಮ್ಮಂಗಡೀಲಿ ಸಿಲಿಕೋನ್ ಖಾಲಿಯಾಯ್ತಾ?" ಎಂದು ಅವರು ಕೇಳಿದರಂತೆ. ಇವನು ಹಲ್ಲು ಕಚ್ಚಿಕೊಂಡು ತಂದ. ತಾನೇ ಎಳೆದಿದ್ದ ಆ ಚೆಂದದ ಗೆರೆಯನ್ನು ತಾನೇ ಬ್ಲೇಡು ಹಿಡಿದು ಕೆರೆದು ಹಾಕಿದ. ಉಗುರಿನ ಸಂದಿ ಕಿತ್ತು ರಕ್ತ ಬಂದರೂ ಬಿಡಲಿಲ್ಲ. ಮತ್ತೆ ಟೇಪು, ಮತ್ತೆ ಗನ್ನು, ಮತ್ತೆ ಕಾಯುವುದು. ಆ ದಿನಗಳಲ್ಲೆಲ್ಲ ಕಿತ್ತಳೆಗೆ ತಿನ್ನಿಸುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಮೊದಮೊದಲು ಅದು ಇವನ ಕೈ ಕಂಡರೆ ಮೂಲೆ ಸೇರುತ್ತಿತ್ತು. ಇವನು ಟಬ್ಬಿನ ಪಕ್ಕ ನೆಲದಲ್ಲೇ ಕೂತು, ಬೆರಳ ತುದಿ ನೀರಿಗೆ ಅದ್ದಿ ಕಾಯುತ್ತಿದ್ದ. ಬರಬರುತ್ತ ಅದು ಬೆರಳನ್ನೇ ಕುಟುಕಿ ತಿನ್ನತೊಡಗಿತು.

ಹುಡುಗಿ ಅಷ್ಟು ದಿನವೂ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು. ಸಿಗಡಿ ಇರುತ್ತಿದ್ದ ಕಲ್ಲನ್ನು ನೋಡುವಾಗ ಅವಳ ಮುಖ ಬಾಡುತ್ತಿತ್ತು. ಎಲ್ಲವೂ ಮತ್ತೆ ತೊಟ್ಟಿ ಸೇರಿದ ಮೇಲೆ ಒಂದು ದಿನ ಅವಳು ಆಹಾರ ಹಾಕಿದರೆ ಕಿತ್ತಳೆ ಮೂಸಿಯೂ ನೋಡಲಿಲ್ಲ, ಇವನು ಬಂದೊಡನೆ ಗಾಜಿಗೆ ಮೂಗು ಒತ್ತಿ ನಿಂತಿತು.

"ನೋಡಿ ಅತ್ತಿಗೆ, ನನ್ನನ್ನ ಕಂಡ್ರೆ ಆಗಲ್ಲ ಇದಕ್ಕೆ ಈಗ" ಎಂದಳು. ಆ ದನಿಯಲ್ಲಿದ್ದ ಉರಿ ನನಗೆ ಚೆನ್ನಾಗಿ ಪರಿಚಯವಿದ್ದದ್ದು. ನಮ್ಮ ಮನೆಗೆ ಬಂದು ಅವಳಿಗೂ ಅಂಟಿಕೊಂಡಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಮತ್ತೊಂದು ಸಂಜೆ ಫೋನು ಬಂತು. ಹುಡುಗಿ ಅದನ್ನು ಎಂದಿನಂತೆ ತೊಟ್ಟಿಗೆ ಒರಗಿಸಿದಳು. "ಲೇ, ಮನೆ ಸಿಕ್ತು ಕಣೇ! ಬರೋ ವಾರ ಬಂದು ಕಿತ್ತಳೇನ ಕರ್ಕೊಂಡು ಹೋಗ್ತೀನಿ!"

ಈ ಸುದ್ದಿಗಾಗಿ ನನ್ನ ತಮ್ಮ ಹೋದ ವರ್ಷದಿಂದ ಜಪ ಮಾಡಿದ್ದಾನೆ. ಈಗ ಅವನು ತೊಟ್ಟಿಯ ಪಕ್ಕ ನಿಂತಿದ್ದ, ಬೆರಳು ನೀರಿನಲ್ಲಿತ್ತು, ಕಿತ್ತಳೆ ಬೆರಳನ್ನು ಕುಟುಕುತ್ತಿತ್ತು. ಹುಡುಗಿ ಅವನತ್ತ ನೋಡಿದಳು. ಅವನ ಕಿವಿ ಕೆಂಪಾಯಿತು.

"ಈಗ ಆಗಲ್ಲ ಮೇಡಂ, ಸಿಲಿಕೋನ್ ಇನ್ನೂ ಒಣಗಿಲ್ಲ" ಎಂದ.

ತೊಟ್ಟಿಯಲ್ಲಿ ಗುರುತಿನವರೆಗೆ ನೀರಿತ್ತು. ಅದು ಫೋನಿನೊಳಗಿನವಳಿಗೂ ಚೆನ್ನಾಗಿ ಕಾಣುತ್ತಿತ್ತು.

"ಒಣಗಿಲ್ವಾ?"

"ಇಲ್ಲ. ಹಸಿಹಸಿ ಇದೆ. ಹೊತ್ತುಕೊಂಡು ಹೋದ್ರೆ ಮತ್ತೆ ಸೋರುತ್ತೆ."

"ಯಾವಾಗ ಒಣಗುತ್ತೆ?"

"ಹೇಳೋಕಾಗಲ್ಲ. ಕೆಲಸ ಅಷ್ಟು ಚೆನ್ನಾಗಿ ಆಗಿಲ್ಲ."

ತನ್ನ ಕೈಕೆಲಸಕ್ಕೆ ಅವನು ತಾನೇ ಕುಂದು ಹೇಳಿಕೊಂಡದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಫೋನಿನೊಳಗೆ ಗೆಳತಿ ಕಣ್ಣು ಕಿರಿದು ಮಾಡಿ ಇವನನ್ನೇ ನೋಡಿದಳು. "ಹೊಟ್ಟೆ ಉರಿಸ್ತೀರಲ್ರೀ" ಎಂದಳು. ಸ್ವಲ್ಪ ತಡೆದು, "ಸರಿ, ಒಣಗಲಿ. ಒಣಗಿದ ಮೇಲೆ ಬರ್ತೀನಿ" ಎಂದಳು.

ಆಗ ಹುಡುಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಉಸಿರು ಸಿಗದ ಹಾಗೆ ನಕ್ಕಳು. ಫೋನಿನ ಕಡೆಗೆ ಬೆನ್ನು ಹಾಕಿ, ನನ್ನ ತಮ್ಮನ ಒದ್ದೆ ತೋಳು ಹಿಡಿದುಕೊಂಡು ನಕ್ಕಳು. ಅವನು ಬೆರಳನ್ನು ನೀರಿನಿಂದ ತೆಗೆಯದೆ ಪೆಚ್ಚುಪೆಚ್ಚಾಗಿ ನಿಂತೇ ಇದ್ದ.

ನಾನು ಎದ್ದು ಟೀ ಇಡಲು ಅಡುಗೆಮನೆಗೆ ಹೋದೆ. ನನ್ನನ್ನು ಯಾರೂ ಕೂಗಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.